ಎಲೆಯ ಅಡಿಯ ನುಸಿ: ಕುಂಡದ ಗಿಡಗಳಿಂದ ಅದನ್ನು ಓಡಿಸುವ ಬಗೆ

ಸಂಕ್ರಾಂತಿ ಕಳೆದು ಬಿಸಿಲು ಏರುತ್ತಿದ್ದಂತೆ ತಾರಸಿ ತೋಟದವರಿಂದ ಒಂದೇ ಪ್ರಶ್ನೆ ಹಲವು ರೂಪದಲ್ಲಿ ಬರತೊಡಗುತ್ತದೆ. ಗುಲಾಬಿ ಎಲೆ ಮಂಕಾಗಿದೆ, ಗೊಬ್ಬರ ಹಾಕಿದರೂ ಹಸಿರಾಗುತ್ತಿಲ್ಲ. ಬದನೆ ಎಲೆಯ ಮೇಲೆ ಸೂಜಿಯಲ್ಲಿ ಚುಚ್ಚಿದಂಥ ಚುಕ್ಕೆಗಳು, ಕೀಟನಾಶಕ ಹೊಡೆದ ಮೇಲೆ ಇನ್ನೂ ಜಾಸ್ತಿಯಾಗಿವೆ. ಬೇವಿನೆಣ್ಣೆ ಹೊಡೆದೆ, ಒಂದು ವಾರ ಚೆನ್ನಾಗಿತ್ತು, ಮತ್ತೆ ಬಂತು. ಈ ಮೂರರ ಹಿಂದೆಯೂ ಹೆಚ್ಚಾಗಿ ಇರುವುದು ಜೇಡ ನುಸಿ. ಅದನ್ನು ಹತೋಟಿಗೆ ತರಲು ದುಬಾರಿ ಔಷಧಿ ಬೇಕಿಲ್ಲ. ಎಲೆಯ ಅಡಿಭಾಗಕ್ಕೆ ತಲುಪುವ ಸಿಂಪಡಣೆ ಬೇಕು, ಅದು ಸರಿಯಾದ ಅಂತರದಲ್ಲಿ ಮೂರ್ನಾಲ್ಕು ಸಲ ಆಗಬೇಕು. ಬಹುಪಾಲು ಜನ ಸೋಲುವುದು ಔಷಧಿಯ ಆಯ್ಕೆಯಲ್ಲಲ್ಲ, ಎರಡನೇ ಸಲ ಹೊಡೆಯದೇ ಬಿಡುವುದರಲ್ಲಿ.

ಇದು ಯಾವ ಜೀವಿ

ನುಸಿ ಕೀಟವಲ್ಲ. ಎಂಟು ಕಾಲಿನ, ಜೇಡದ ಬಳಗಕ್ಕೆ ಸೇರಿದ ಪ್ರಾಣಿ. ಈ ಒಂದು ವಿಷಯ ನೆನಪಿದ್ದರೆ ಮುಂದೆ ಹೇಳುವ ಅರ್ಧ ಎಚ್ಚರಿಕೆಗಳು ತಾವಾಗಿಯೇ ಅರ್ಥವಾಗುತ್ತವೆ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಎರಡು ಚುಕ್ಕೆಯ ಜೇಡ ನುಸಿ, ವಿಜ್ಞಾನಿಗಳು ಟೆಟ್ರಾನಿಕಸ್ ಅರ್ಟಿಕೇ ಎನ್ನುವ ಜಾತಿ. ಬೆಳೆದ ಹೆಣ್ಣೇ ಸುಮಾರು ಅರ್ಧ ಮಿಲಿಮೀಟರ್, ಅಂದರೆ ಗಸಗಸೆ ಕಾಳಿನ ಅರ್ಧದಷ್ಟು. ಬಣ್ಣ ಹಳದಿ ಮಿಶ್ರಿತ ಹಸಿರು ಇರಬಹುದು, ಇಟ್ಟಿಗೆ ಕೆಂಪೂ ಇರಬಹುದು. ಎಲೆಯ ಅಡಿಯಲ್ಲಿ ಕೂತು ಒಂದೊಂದೇ ಜೀವಕೋಶವನ್ನು ಚುಚ್ಚಿ ರಸ ಹೀರುತ್ತದೆ. ಹಾಗೆ ಬರಿದಾದ ಕೋಶಗಳೇ ಮೇಲಿನಿಂದ ನಮಗೆ ಬಿಳಿಚಿದ ಚುಕ್ಕೆಗಳಾಗಿ ಕಾಣುವುದು.

ಸುಮಾರು 30 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಮೊಟ್ಟೆ ಮೂರ್ನಾಲ್ಕು ದಿನಕ್ಕೆ ಒಡೆಯುತ್ತದೆ, ಮರಿ ಹತ್ತು ದಿನದೊಳಗೆ ತಾನೇ ಮೊಟ್ಟೆಯಿಡುವಷ್ಟು ಬೆಳೆಯುತ್ತದೆ. ಒಂದು ಹೆಣ್ಣು ತನ್ನ ಆಯುಸ್ಸಿನಲ್ಲಿ ನೂರರ ಆಸುಪಾಸು ಮೊಟ್ಟೆಯಿಡಬಲ್ಲದು. ಗಂಡಿನ ಜೊತೆ ಸೇರದಿದ್ದರೂ ಮೊಟ್ಟೆಯಿಡುತ್ತದೆ, ಅವುಗಳಿಂದ ಗಂಡುಗಳು ಹುಟ್ಟುತ್ತವೆ. ಆದ್ದರಿಂದ ಒಂದೇ ಒಂದು ಹೆಣ್ಣು ಉಳಿದರೂ ಸಂಸಾರ ಮತ್ತೆ ಶುರು. ಬೆಂಗಳೂರು, ಮೈಸೂರಿನ ಚಳಿಗಾಲದ ತಂಪಿನಲ್ಲಿ ಇದೇ ಚಕ್ರಕ್ಕೆ ಎರಡು ವಾರಕ್ಕೂ ಹೆಚ್ಚು ಹಿಡಿಯುತ್ತದೆ. ಡಿಸೆಂಬರ್‌ನಲ್ಲಿ ಕಣ್ಣಿಗೆ ಬೀಳದ್ದು ಮಾರ್ಚ್‌ನಲ್ಲಿ ಇದ್ದಕ್ಕಿದ್ದಂತೆ ಸ್ಫೋಟವಾಗುವುದು ಇದರಿಂದಲೇ.

ಬಿಸಿಲು, ಒಣಗಾಳಿ, ಧೂಳು ಈ ಮೂರೂ ಸೇರಿದ ಕಡೆ ನುಸಿಗೆ ಹಬ್ಬ. ಬಳ್ಳಾರಿ, ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ, ಬೆಂಗಳೂರಿನಲ್ಲಾದರೆ ರಸ್ತೆ ಅಗೆದ ಬೀದಿಯ ಬಾಲ್ಕನಿಗಳಲ್ಲಿ ಇದು ಜಾಸ್ತಿ. ಕರಾವಳಿಯ ತೇವಾಂಶದಲ್ಲಿ ಕಡಿಮೆ. ಜೋರು ಮಳೆ ಬಂದರೆ ತೊಳೆದುಹೋಗುತ್ತದೆ. ಆದರೆ ಸಜ್ಜದ ಕೆಳಗೆ, ಬಾಲ್ಕನಿಯ ಒಳಗೆ, ಪಾಲಿಹೌಸ್‌ನಲ್ಲಿ ಇರುವ ಗಿಡಕ್ಕೆ ಮಳೆಯೇ ಬೀಳುವುದಿಲ್ಲ. ತೋಟದಲ್ಲಿ ಮಳೆ ಮಾಡುವ ಕೆಲಸವನ್ನು ಅಲ್ಲಿ ನೀವೇ ಮಾಡಬೇಕು.

ಏನೇನು ಬೇಕು

ಒಂದು ಬಿಳಿ ಹಾಳೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಚಿಕ್ಕ ಭೂತಗನ್ನಡಿ, ಇಲ್ಲವೇ ಹತ್ತಿರದಿಂದ ಫೋಟೊ ತೆಗೆಯಬಲ್ಲ ಮೊಬೈಲು. ಒಂದೆರಡು ಲೀಟರಿನ ಕೈಪಂಪಿನ ಸ್ಪ್ರೇಯರ್. ಅದರ ಮೂತಿ ಮೇಲ್ಮುಖವಾಗಿ ತಿರುಗುವಂತಿದ್ದರೆ ತುಂಬ ಒಳ್ಳೆಯದು. ಕತ್ತರಿ, ಬಾಯಿ ಕಟ್ಟಬಹುದಾದ ಪ್ಲಾಸ್ಟಿಕ್ ಚೀಲ. ಔಷಧಿಯಾಗಿ ಈ ಎರಡರಲ್ಲಿ ಒಂದು: ತೋಟಗಾರಿಕೆಗೆಂದೇ ಮಾರುವ ಸೋಪು, ಇಲ್ಲವೇ ಗಾಣದ ಬೇವಿನೆಣ್ಣೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸಾಬೂನು, ಹೊಂಗೆ ಸಾಬೂನು ಇದಕ್ಕೆ ಚೆನ್ನಾಗಿ ಒದಗುತ್ತವೆ. ಅವು ಬಿಲ್ಲೆಯ ರೂಪದಲ್ಲಿರುತ್ತವೆ. ಹೆರೆದು ನೀರಿನಲ್ಲಿ ಕರಗಿಸಿ, ಸೋಸಿ ಬಳಸಬೇಕು. ಪ್ರಮಾಣ ಪೊಟ್ಟಣದ ಮೇಲೆಯೇ ಇರುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾಗಿ ಮೆದು ನೀರು ಬೇಕು. ಬೋರ್‌ವೆಲ್ಲಿನ ಗಡಸು ನೀರಿಗೆ ಸೋಪು ಹಾಕಿದರೆ ಅದು ಬಿಳಿ ಗಸಿಯಾಗಿ ಒಡೆಯುತ್ತದೆ. ಹಾಗೆ ಒಡೆದ ಸೋಪು ನುಸಿಯನ್ನು ಕೊಲ್ಲುವುದಿಲ್ಲ, ಸ್ಪ್ರೇಯರಿನ ಮೂತಿಯನ್ನು ಕಟ್ಟಿಸುತ್ತದೆ ಅಷ್ಟೇ. "ಸೋಪು ಹೊಡೆದರೂ ಏನೂ ಆಗಲಿಲ್ಲ" ಎನ್ನುವವರು ಮೊದಲು ನೀರನ್ನು ಪರೀಕ್ಷಿಸಿಕೊಳ್ಳಿ. ಒಂದು ಲೋಟದಲ್ಲಿ ಸ್ವಲ್ಪ ಸೋಪು ಕಲಕಿ ಹತ್ತು ನಿಮಿಷ ಬಿಡಿ. ಮೇಲೆ ಕೆನೆಯಂಥ ಗಸಿ ತೇಲಿದರೆ ಆ ನೀರು ಬೇಡ. ಮಳೆನೀರು, ನದಿ ಮೂಲದ ನಲ್ಲಿ ನೀರು, ಕುಡಿಯುವ ಫಿಲ್ಟರ್ ನೀರು ಯಾವುದಾದರೂ ಆಗುತ್ತದೆ. ಬೇಕಾಗುವುದು ಒಂದೆರಡು ಲೀಟರ್ ತಾನೆ.

1. ಮೊದಲು ಅದು ನುಸಿಯೇ ಎಂದು ಖಚಿತ ಮಾಡಿಕೊಳ್ಳಿ

ಮಂಕಾದ ಎಲೆಯ ಕೆಳಗೆ ಬಿಳಿ ಹಾಳೆ ಹಿಡಿದು, ಎಲೆಯನ್ನು ಬೆರಳಿನಿಂದ ನಾಲ್ಕೈದು ಸಲ ತಟ್ಟಿ. ಬಿದ್ದ ಚುಕ್ಕೆಗಳನ್ನು ಅರ್ಧ ನಿಮಿಷ ಸುಮ್ಮನೆ ನೋಡಿ. ಧೂಳು ಕದಲುವುದಿಲ್ಲ, ನುಸಿ ನಿಧಾನವಾಗಿ ಹರಿದಾಡುತ್ತದೆ. ಬೆರಳಿನಿಂದ ಒರೆಸಿದರೆ ಕೆಂಪು ಅಥವಾ ಹಸಿರು ಗೆರೆ ಮೂಡುತ್ತದೆ. ಭೂತಗನ್ನಡಿಯಲ್ಲಿ ಎಲೆಯ ಅಡಿಭಾಗ ನೋಡಿದರೆ ನಡುನರದ ಪಕ್ಕದಲ್ಲಿ ಗುಂಡಗಿನ ಮೊಟ್ಟೆಗಳು, ಬಿಳಿ ಪೊರೆಗಳು, ನವಿರಾದ ಬಲೆ ಕಾಣುತ್ತವೆ. ಬಲೆ ಬರಿಗಣ್ಣಿಗೇ ಕಾಣುವಷ್ಟು ದಟ್ಟವಾಗಿದ್ದರೆ ಹಾವಳಿ ಬಹಳ ಮುಂದುವರಿದಿದೆ ಎಂದರ್ಥ.

ಇಲ್ಲಿ ಆಗುವ ಮುಖ್ಯ ತಪ್ಪು, ಎಲೆ ಹಳದಿಯಾಯಿತೆಂದು ಗೊಬ್ಬರ ಹಾಕುವುದು. ಸಾರಜನಕ ಹೆಚ್ಚಾದ ಎಲೆ ನುಸಿಗೆ ಇನ್ನಷ್ಟು ಪುಷ್ಟಿಯ ಊಟ. ನುಸಿ ಹತೋಟಿಗೆ ಬರುವವರೆಗೆ ಯೂರಿಯಾ, ಡಿಎಪಿ, ದ್ರವ ಗೊಬ್ಬರ ಎಲ್ಲಕ್ಕೂ ರಜೆ ಕೊಡಿ.

ಹೋಲಿಕೆಯಿಂದ ಮೋಸ ಹೋಗುವ ಇನ್ನು ಕೆಲವಿವೆ. ಎಲೆಯ ಮೇಲೆ ಬೆಳ್ಳಿಯಂಥ ಗೀರುಗಳು, ಜೊತೆಗೆ ಸಣ್ಣ ಕರಿ ಚುಕ್ಕೆಗಳಿದ್ದರೆ ಅದು ಥ್ರಿಪ್ಸ್ ಎಂಬ ಸಣ್ಣ ಕೀಟದ ಕೆಲಸ. ಮೆಣಸಿನ ಗಿಡದ ಎಲೆ ಮೇಲ್ಮುಖವಾಗಿ ದೋಣಿಯಂತೆ ಮಡಚಿದ್ದರೂ ಥ್ರಿಪ್ಸ್. ಅಂಚು ಕೆಳಮುಖವಾಗಿ ಬಾಗಿ, ಎಲೆ ಕಿರಿದಾಗಿ, ತೊಟ್ಟು ಉದ್ದವಾಗಿದ್ದರೆ ಅದು ಹಳದಿ ನುಸಿ ಎಂಬ ಬೇರೆ ಜಾತಿ. ಅದು ಬಲೆ ಕಟ್ಟುವುದಿಲ್ಲ, ಕುಡಿಯಲ್ಲೇ ಅಡಗಿರುತ್ತದೆ. ಬ್ಯಾಡಗಿ ಸೀಮೆಯ ರೈತರು ಮುಟುರು ರೋಗ ಎನ್ನುವುದರಲ್ಲಿ ಈ ಎರಡರ ಪಾಲೂ ಇದೆ. ಮಲ್ಲಿಗೆ ಎಲೆಯ ಮೇಲೆ ಬಿಳಿ ತುಪ್ಪಳದಂಥದ್ದು ಬೆಳೆದರೆ ಅನೇಕರು ಬೂಷ್ಟೆಂದು ತಿಳಿದು ಶಿಲೀಂಧ್ರನಾಶಕ ಹೊಡೆಯುತ್ತಾರೆ. ಅದೂ ಇನ್ನೊಂದು ಬಗೆಯ ನುಸಿಯ ಕೆಲಸವೇ. ಅಂಥ ಟಿಸಿಲುಗಳನ್ನು ಕತ್ತರಿಸಿ ತೆಗೆಯುವುದು ಮೊದಲ ಉಪಾಯ. ತೆಂಗಿನಕಾಯಿಯ ನುಸಿ ಪೀಡೆಗೂ ಈ ಲೇಖನಕ್ಕೂ ಸಂಬಂಧವಿಲ್ಲ. ಆ ನುಸಿ ಬೇರೆ, ಅದರ ಪರಿಹಾರವೂ ಬೇರೆ.

2. ಗಿಡವನ್ನು ಬೇರೆ ಮಾಡಿ

ನುಸಿ ಹಾರುವುದಿಲ್ಲ. ಎಲೆಯಿಂದ ಎಲೆಗೆ ನಡೆದು ಹೋಗುತ್ತದೆ, ಸ್ವಂತ ನೂಲಿಗೆ ಜೋತು ಗಾಳಿಯಲ್ಲಿ ತೇಲುತ್ತದೆ, ನಮ್ಮ ತೋಳು, ಬಟ್ಟೆ, ಕತ್ತರಿಗೆ ಅಂಟಿಕೊಂಡೂ ಸಾಗುತ್ತದೆ. ಹತ್ತಿದ ಕುಂಡವನ್ನು ಉಳಿದವುಗಳಿಂದ ದೂರ, ಗಾಳಿ ಬೀಸುವ ದಿಕ್ಕಿಗೆ ಕೊನೆಯಲ್ಲಿ ಇಡಿ. ನೀರು ಹಾಕುವಾಗ ಚೆನ್ನಾಗಿರುವ ಗಿಡಗಳನ್ನು ಮೊದಲು ಮುಗಿಸಿ, ಹತ್ತಿದ್ದನ್ನು ಕೊನೆಗೆ ಮುಟ್ಟಿ. ಪಕ್ಕದಲ್ಲಿದ್ದ ಕುಂಡಗಳಿಗೂ ಬಿಳಿ ಹಾಳೆಯ ಪರೀಕ್ಷೆ ಮಾಡಿ. ಗುಲಾಬಿ, ಬದನೆ, ಬೆಂಡೆ, ಹುರುಳಿಕಾಯಿ, ಚೆಂಡುಹೂವು, ಪಪ್ಪಾಯ, ಮರಗೆಣಸು, ಮನೆಯೊಳಗಿನ ಅರೆಕಾ ಪಾಮ್, ಕ್ರೋಟನ್ ಇದ್ದರೆ ಮೊದಲು ಅವನ್ನು ನೋಡಿ.

3. ಕತ್ತರಿಸಿ, ಚೀಲ ಕಟ್ಟಿ

ಬಲೆ ಕಟ್ಟಿದ, ಅರ್ಧಕ್ಕಿಂತ ಹೆಚ್ಚು ಬಿಳಿಚಿದ ಎಲೆ ಮತ್ತೆ ಹಸಿರಾಗುವುದಿಲ್ಲ. ತೆಗೆದುಬಿಡಿ. ಆದರೆ ಒಂದೇ ದಿನದಲ್ಲಿ ಗಿಡದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬೇಡಿ. ಬಿರುಬಿಸಿಲಿನಲ್ಲಿ ಬೋಳಾದ ಗಿಡ ಚೇತರಿಸಿಕೊಳ್ಳಲು ಹೆಣಗುತ್ತದೆ. ಕತ್ತರಿಸಿದ್ದನ್ನು ಅಲ್ಲೇ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಒಂದೆರಡು ದಿನ ಬಿಸಿಲಿನಲ್ಲಿಟ್ಟು ಆಮೇಲೆ ಕಸಕ್ಕೆ ಕೊಡಿ. ತಾರಸಿಯ ಕಾಂಪೋಸ್ಟ್ ಡಬ್ಬಕ್ಕೆ ಹಾಕಬೇಡಿ. ಎಲೆ ಒಣಗುತ್ತಿದ್ದಂತೆ ನುಸಿಗಳು ಎದ್ದು ಹತ್ತಿರದ ಗಿಡ ಹುಡುಕಿ ಹೊರಡುತ್ತವೆ. ಕತ್ತರಿಯನ್ನು ಸೋಪು ನೀರಿನಲ್ಲಿ ತೊಳೆಯಿರಿ.

4. ನೀರಿನಿಂದ ತೊಳೆಯಿರಿ

ಬರೀ ನೀರು ಎಂದು ಹಗುರವಾಗಿ ಕಾಣಬೇಡಿ. ನನ್ನ ಮಟ್ಟಿಗೆ ಇಡೀ ಪಟ್ಟಿಯಲ್ಲಿ ಇದೇ ದೊಡ್ಡ ಕೆಲಸ. ಬೆಳಿಗ್ಗೆ ಕುಂಡವನ್ನು ಪಕ್ಕಕ್ಕೆ ವಾಲಿಸಿ, ಮಣ್ಣು ಚೆಲ್ಲದಂತೆ ಮೇಲೊಂದು ಬಟ್ಟೆ ಕಟ್ಟಿ, ಪೈಪಿನ ಬಾಯಿಗೆ ಬೆರಳೊತ್ತಿ ಬರುವ ರಭಸದ ನೀರನ್ನು ಕೆಳಗಿನಿಂದ ಮೇಲಕ್ಕೆ, ಎಲೆಯ ಅಡಿಗೆ ಬೀಳುವಂತೆ ಹಾಯಿಸಿ. ಬಲೆ ಹರಿಯಬೇಕು, ಧೂಳು ಹೋಗಬೇಕು. ಬಲೆ ಹಾಗೇ ಉಳಿದರೆ ನೀವು ಆಮೇಲೆ ಹೊಡೆಯುವ ಯಾವ ಔಷಧಿಯೂ ಒಳಗಿಳಿಯದೆ ಅದರ ಮೇಲೇ ಹನಿಯಾಗಿ ನಿಲ್ಲುತ್ತದೆ. ಒಳಾಂಗಣದ ಗಿಡವನ್ನು ಬಚ್ಚಲಿಗೆ ಒಯ್ದು ಹ್ಯಾಂಡ್ ಶವರಿನಲ್ಲಿ ತೊಳೆಯಬಹುದು. ಅಗಲ ಎಲೆಯಿದ್ದರೆ ಒದ್ದೆ ಬಟ್ಟೆಯಿಂದ ಒಂದೊಂದೇ ಎಲೆಯ ಎರಡೂ ಬದಿ ಒರೆಸಿ.

ತೊಳೆಯುವುದು ಬೆಳಿಗ್ಗೆಯೇ ಇರಲಿ. ಗುಲಾಬಿ ಎಲೆ ರಾತ್ರಿಯಿಡೀ ಒದ್ದೆಯಾಗಿದ್ದರೆ ಕಪ್ಪು ಚುಕ್ಕೆ ರೋಗಕ್ಕೆ ದಾರಿ ಮಾಡಿಕೊಟ್ಟಂತೆ. ಮೊದಲ ವಾರ ದಿನ ಬಿಟ್ಟು ದಿನ ತೊಳೆಯಿರಿ. ಆಗಷ್ಟೇ ಶುರುವಾದ ಹಾವಳಿ ಎಷ್ಟೋ ಸಲ ಇಷ್ಟಕ್ಕೇ ಮುಗಿಯುತ್ತದೆ, ಐದನೇ ಹಂತದ ಅಗತ್ಯವೇ ಬೀಳುವುದಿಲ್ಲ. ತುಳಸಿ, ಪುದೀನ, ಕೊತ್ತಂಬರಿಯಂಥ, ಎಲೆಯನ್ನೇ ಬಾಯಿಗೆ ಹಾಕಿಕೊಳ್ಳುವ ಗಿಡಗಳಲ್ಲಿ ಇಲ್ಲಿಗೇ ನಿಲ್ಲಿಸಲು ಪ್ರಯತ್ನಿಸಿ.

5. ಸೋಪು ಅಥವಾ ಬೇವಿನೆಣ್ಣೆ ಸಿಂಪಡಿಸಿ

ಗಿಡಕ್ಕೆ ಬೆಳಿಗ್ಗೆಯೇ ನೀರುಣಿಸಿರಿ. ಬಾಯಾರಿದ ಗಿಡಕ್ಕೆ ಸೋಪು, ಎಣ್ಣೆ ಹೊಡೆದರೆ ಎಲೆ ಸುಡುತ್ತದೆ. ಸಿಂಪಡಣೆ ಸಂಜೆ, ಬಿಸಿಲು ಇಳಿದ ಮೇಲೆ.

ಬೇವಿನೆಣ್ಣೆಯಾದರೆ ಒಂದು ಲೀಟರ್ ನೀರಿಗೆ 5 ಮಿ.ಲೀ., ಅಂದರೆ ಒಂದು ಟೀ ಚಮಚ. ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲವಾದ್ದರಿಂದ ಮೊದಲು ಎಣ್ಣೆಗೆ ಒಂದೆರಡು ಮಿ.ಲೀ. ದ್ರವ ಸೋಪು ಸೇರಿಸಿ ಚೆನ್ನಾಗಿ ಕಲಕಿ, ಆಮೇಲೆ ಸ್ವಲ್ಪ ಸ್ವಲ್ಪವೇ ಉಗುರುಬೆಚ್ಚಗಿನ ನೀರು ಹಾಕುತ್ತ ಹೋಗಿ. ಹಾಲಿನ ಬಣ್ಣಕ್ಕೆ ತಿರುಗಬೇಕು. ಮೇಲೆ ಎಣ್ಣೆಯ ಕಣ್ಣುಗಳು ತೇಲುತ್ತಿದ್ದರೆ ಬೆರೆತಿಲ್ಲ, ಅದನ್ನು ಹೊಡೆಯಬೇಡಿ. ಎಣ್ಣೆ ಬಿದ್ದಲ್ಲೆಲ್ಲ ಎಲೆ ಕಪ್ಪಾಗುತ್ತದೆ. ಚಳಿಗೆ ಎಣ್ಣೆ ಹೆಪ್ಪುಗಟ್ಟಿದ್ದರೆ ಬಾಟಲಿಯನ್ನು ಬಿಸಿನೀರಿನಲ್ಲಿ ನಿಲ್ಲಿಸಿ ಕರಗಿಸಿಕೊಳ್ಳಿ. ಕಲಸಿದ್ದನ್ನು ಆ ಸಂಜೆಯೇ ಮುಗಿಸಿ, ಮರುದಿನಕ್ಕೆ ಇಡಬೇಡಿ.

ಹಳ್ಳಿಯಲ್ಲಿ ಬೇವಿನ ಬೀಜ ಸಿಗುವವರಿಗೆ ಎಣ್ಣೆ ಕೊಳ್ಳುವ ಅಗತ್ಯವೂ ಇಲ್ಲ. ಲೀಟರ್ ನೀರಿಗೆ 50 ಗ್ರಾಂ ಬೀಜದ ತಿರುಳನ್ನು ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಹಿಂಡಿ ಸೋಸಿದರೆ ಶೇಕಡ 5ರ ಕಷಾಯ ಸಿದ್ಧ. ಚಿಟಿಕೆ ಸೋಪು ಸೇರಿಸಿ ಸಂಜೆ ಹೊಡೆಯಿರಿ.

ಯಾವುದೇ ಇರಲಿ, ಮೊದಲ ಸಲ ಎರಡು ಎಲೆಗೆ ಮಾತ್ರ ಹೊಡೆದು ಒಂದು ದಿನ ಕಾಯಿರಿ. ಜರೀಗಿಡಗಳು, ರಸಭರಿತ ಎಲೆಯ ಸಕ್ಯುಲೆಂಟ್‌ಗಳು, ಎಳೆಯ ಚಿಗುರು ಸೋಪನ್ನು ಸಹಿಸದೇ ಇರಬಹುದು. ಹೊಡೆಯುವಾಗ ಸ್ಪ್ರೇಯರನ್ನು ಗಿಡದ ಬುಡದ ಹತ್ತಿರ ಹಿಡಿದು ಮೇಲ್ಮುಖವಾಗಿ, ಎಲೆಯ ಅಡಿಯಿಂದ ಹನಿ ತೊಟ್ಟಿಕ್ಕುವವರೆಗೆ. ಸೋಪು, ಬೇವಿನೆಣ್ಣೆ ಇವೆರಡೂ ಮೈಗೆ ತಾಗಿದ ನುಸಿಯನ್ನೇ ಮುಖ್ಯವಾಗಿ ಕೊಲ್ಲುವುದು. ಮೇಲಿನಿಂದ ಒಂದು ಸುತ್ತು ಮಂಜಿನಂತೆ ಹಾಯಿಸಿ ಹೋದರೆ ಧೂಳು ಒದ್ದೆಯಾಯಿತೇ ಹೊರತು ಬೇರೇನೂ ಆಗಲಿಲ್ಲ. ಮನೆಯಲ್ಲಿ ಮೀನಿನ ತೊಟ್ಟಿ, ತಾವರೆ ತೊಟ್ಟಿ ಇದ್ದರೆ ಮುಚ್ಚಿಕೊಳ್ಳಿ.

ಪಾತ್ರೆ ತೊಳೆಯುವ ಲಿಕ್ವಿಡ್ ಆಗುವುದಿಲ್ಲವೇ ಎಂದು ಕೇಳುವವರು ಬಹಳ. ಎಣ್ಣೆ ಬೆರೆಸಲು ಹನಿಗಟ್ಟಲೆ ಹಾಕಿದರೆ ಅಡ್ಡಿಯಿಲ್ಲ. ಅದನ್ನೇ ಔಷಧಿಯಂತೆ ಸುರಿಯುವುದು ಬೇಡ, ಅದರ ಜಿಡ್ಡು ತೆಗೆಯುವ ಗುಣ ಎಲೆಯ ಮೇಣದ ಪದರವನ್ನೂ ತೆಗೆಯುತ್ತದೆ. ಬಟ್ಟೆಯ ಪುಡಿಯಂತೂ ಮುಟ್ಟಲೇಬೇಡಿ. ಸ್ಯಾನಿಟೈಸರ್, ಅಡುಗೆ ಸೋಡ, ಉಪ್ಪುನೀರಿನಿಂದ ನುಸಿಗಿಂತ ಗಿಡಕ್ಕೇ ಹಾನಿ ಹೆಚ್ಚು. ಮೆಣಸಿನಕಾಯಿ ಕಷಾಯ ಬಾಲ್ಕನಿಯಲ್ಲಿ ಹೊಡೆದರೆ ಗಾಳಿ ತಿರುಗಿದಾಗ ಕಣ್ಣುರಿ ನಿಮಗೇ, ಪಕ್ಕದ ಮನೆಯವರಿಗೂ.

6. ಮತ್ತೆ ಹೊಡೆಯಿರಿ, ತಾರೀಖು ಬರೆದಿಟ್ಟು

ಗಿಡ ಉಳಿಯುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವ ಹಂತ ಇದು. ಸೋಪಾಗಲಿ ಬೇವಿನೆಣ್ಣೆಯಾಗಲಿ ಎಲ್ಲ ಮೊಟ್ಟೆಗಳನ್ನೂ ಕೊಲ್ಲುವುದಿಲ್ಲ. ಇವತ್ತು ನೀವು ಹೊಡೆದಾಗ ದೊಡ್ಡವು ಸಾಯುತ್ತವೆ, ಗಿಡ ಚೊಕ್ಕಟವಾಗಿ ಕಾಣುತ್ತದೆ. ಮೂರ್ನಾಲ್ಕು ದಿನಕ್ಕೆ ಮೊಟ್ಟೆಗಳು ಒಡೆಯುತ್ತವೆ. ಹತ್ತನೇ ದಿನದ ಹೊತ್ತಿಗೆ ಆ ಮರಿಗಳೇ ಮೊಟ್ಟೆಯಿಡುತ್ತಿರುತ್ತವೆ. ಹಾಗಾದರೆ ಮುಂದಿನ ಸಿಂಪಡಣೆ ಬರಬೇಕಾದದ್ದು ಮೊಟ್ಟೆ ಒಡೆದ ಮೇಲೆ, ಮರಿ ದೊಡ್ಡದಾಗುವ ಮುಂಚೆ. ಫೆಬ್ರವರಿಯಿಂದ ಮೇ ತನಕ 4–5 ದಿನಕ್ಕೊಮ್ಮೆ, ತಂಪು ದಿನಗಳಲ್ಲಿ 7 ದಿನಕ್ಕೊಮ್ಮೆ, ಒಟ್ಟು ಮೂರರಿಂದ ನಾಲ್ಕು ಸಲ.

ಹದಿನೈದು ದಿನಕ್ಕೊಮ್ಮೆ ತಪ್ಪದೆ ಬೇವಿನೆಣ್ಣೆ ಹೊಡೆಯುವವರು ಇದ್ದಾರೆ. ಪ್ರತಿ ಸಲವೂ ಅವರು ಹೊಸ ಪೀಳಿಗೆ ಮೊಟ್ಟೆಯಿಟ್ಟು ಮುಗಿಸಿದ ಮೇಲೆ ಬರುತ್ತಾರೆ. ಅದರಿಂದ ನುಸಿಗೆ ತೊಂದರೆ ಅಷ್ಟಕ್ಕಷ್ಟೇ. ಮೊಬೈಲಿನಲ್ಲಿ ನಾಲ್ಕು ತಾರೀಖಿಗೆ ಅಲಾರಂ ಇಟ್ಟುಬಿಡಿ. ಎರಡನೇ ತಾರೀಖು ಬಂದಾಗ ಗಿಡ ಚೆನ್ನಾಗಿ ಕಂಡರೂ ಹೊಡೆಯಲೇಬೇಕು. ಕೊನೆಯ ಸಿಂಪಡಣೆಯಾಗಿ ಐದು ದಿನಕ್ಕೆ ಬಿಳಿ ಹಾಳೆಯ ಪರೀಕ್ಷೆ ಮಾಡಿ. ಹಳೆ ಎಲೆಗಳ ಚುಕ್ಕೆ ಮಾಯವಾಗುವುದಿಲ್ಲ, ಆದ್ದರಿಂದ ಅದನ್ನು ನೋಡಿ ನಿರ್ಧರಿಸಬೇಡಿ. ಹೊಸ ಎಲೆ ಚುಕ್ಕೆಯಿಲ್ಲದೆ ಬಂದರೆ ಗೆದ್ದಿರಿ.

ಹಾಳೆಯ ಮೇಲೆ ಬಿದ್ದವುಗಳಲ್ಲಿ ಕೆಲವು ಉಳಿದವಕ್ಕಿಂತ ಸರಸರನೆ ಓಡುತ್ತಿದ್ದರೆ ಖುಷಿಪಡಿ. ಅವು ಜೇಡ ನುಸಿಯನ್ನು ತಿನ್ನುವ ಪರಭಕ್ಷಕ ನುಸಿಗಳಿರಬಹುದು. ಸಾಸಿವೆಗಿಂತ ಚಿಕ್ಕ ಕರಿ ಗುಲಗಂಜಿ ಹುಳವೂ ಇದನ್ನೇ ತಿಂದು ಬದುಕುತ್ತದೆ. ಇವು ಕಂಡರೆ ಸೋಪು, ಎಣ್ಣೆ ನಿಲ್ಲಿಸಿ ಬರೀ ನೀರಿನಲ್ಲಿ ಮುಂದುವರಿಯಿರಿ.

7. ಅಂಗಡಿಯ ಔಷಧಿ: ಯಾವಾಗ, ಯಾವುದು

ಗೊಬ್ಬರದಂಗಡಿಗೆ ಹೋಗಿ "ಗಿಡಕ್ಕೆ ಹುಳ ಬಿದ್ದಿದೆ" ಎಂದರೆ ಸಿಗುವುದು ಇಮಿಡಾಕ್ಲೋಪ್ರಿಡ್ ಅಥವಾ ಸೈಪರ್‌ಮೆಥ್ರಿನ್‌ನಂಥ ಕೀಟನಾಶಕ. ನುಸಿ ಕೀಟವಲ್ಲವೆಂದು ಮೊದಲೇ ಹೇಳಿದೆನಲ್ಲ. ಇಮಿಡಾಕ್ಲೋಪ್ರಿಡ್ ಅದನ್ನು ಕೊಲ್ಲುವುದಿಲ್ಲ; ಅದನ್ನು ಬಳಸಿದ ಗಿಡದಲ್ಲಿ ನುಸಿ ಹೆಚ್ಚಾದದ್ದೂ ಉಂಟು. ಸೈಪರ್‌ಮೆಥ್ರಿನ್ ಗುಂಪಿನವು ನುಸಿಯನ್ನು ತಿನ್ನುವ ಮಿತ್ರಜೀವಿಗಳನ್ನು ಗುಡಿಸಿ ಹಾಕುತ್ತವೆ, ನುಸಿಗೆ ಮೈದಾನ ಖಾಲಿಯಾಗುತ್ತದೆ. "ಔಷಧಿ ಹೊಡೆದ ಮೇಲೆ ಜಾಸ್ತಿಯಾಯಿತು" ಎಂಬ ದೂರಿನ ಒಳಗುಟ್ಟು ಇದು. ಕೇಳಬೇಕಾದದ್ದು ನುಸಿನಾಶಕ, ಅಂಗಡಿಯವರ ಮಾತಿನಲ್ಲಿ ಮೈಟ್ಸ್ ಔಷಧಿ. ಬರೀ ನುಸಿ ಎಂದರೆ ಕೆಲವರು ಥ್ರಿಪ್ಸ್ ಎಂದುಕೊಳ್ಳುತ್ತಾರೆ. ಒಂದು ಎಲೆಯನ್ನು ಚೀಲದಲ್ಲಿ ಕಟ್ಟಿಕೊಂಡು ಹೋಗಿ ತೋರಿಸಿ.

ಮನೆಯ ಕುಂಡಗಳಿಗೆ ನಾನು ಹೇಳುವುದು ನೀರಿನಲ್ಲಿ ಬೆರೆಯುವ ಗಂಧಕದ ಪುಡಿ, ಪೊಟ್ಟಣದ ಮೇಲೆ 80 ಡಬ್ಲ್ಯುಪಿ (ಶೇಕಡ 80 ಗಂಧಕ) ಎಂದಿರುವುದು, ಲೀಟರಿಗೆ 2 ಗ್ರಾಂ. ಅಗ್ಗ, ಬೂದಿ ರೋಗಕ್ಕೂ ಆಗುತ್ತದೆ, ಮೆಣಸಿನ ಹಳದಿ ನುಸಿಗೂ ಇದು ಸರಿ. ಆದರೆ ಮೂರು ಷರತ್ತು. ಹಗಲಿನ ಬಿಸಿ 32 ಡಿಗ್ರಿ ದಾಟುವ ದಿನಗಳಲ್ಲಿ ಬೇಡ, ಅಂದರೆ ಉತ್ತರ ಕರ್ನಾಟಕದ ಬೇಸಿಗೆಯಲ್ಲಿ ಇದರ ಮಾತೇ ಇಲ್ಲ. ಬೇವಿನೆಣ್ಣೆ ಹೊಡೆದು ಎರಡು ವಾರದೊಳಗೆ ಬೇಡ, ಎರಡೂ ಸೇರಿದರೆ ಎಲೆ ಸುಡುತ್ತದೆ. ಸೌತೆ, ಹೀರೆ, ಹಾಗಲದಂಥ ಬಳ್ಳಿಗಳಿಗೆ ಬೇಡ.

ಅಬಾಮೆಕ್ಟಿನ್, ಪ್ರೊಪಾರ್‌ಗೈಟ್, ಸ್ಪೈರೊಮೆಸಿಫೆನ್, ಫೆನಾಜಾಕ್ವಿನ್, ಹೆಕ್ಸಿಥಯಾಜಾಕ್ಸ್ ಇವು ನಿಜವಾದ ನುಸಿನಾಶಕಗಳು, ಹೊಲ ಮತ್ತು ಪಾಲಿಹೌಸಿನವರ ಸಲಕರಣೆ. ಕೈತೋಟ ದೊಡ್ಡದಿದ್ದು ಬೇರೆ ದಾರಿ ಕಾಣದಿದ್ದರೆ ಲೇಬಲ್ಲಿನಲ್ಲಿ ನಿಮ್ಮ ಬೆಳೆಯ ಹೆಸರಿದೆಯೇ, ಹೊಡೆದ ಎಷ್ಟು ದಿನಕ್ಕೆ ಕೊಯ್ಯಬಹುದು ಎಂದು ಓದಿ, ಅಳತೆ ಮೀರದೆ, ಮುಖಗವಸು, ಕೈಗವಸು ಹಾಕಿಕೊಂಡು ಬಳಸಿ. ಲೇಬಲ್ಲಿನ ತ್ರಿಕೋನದ ಬಣ್ಣ ವಿಷದ ಮಟ್ಟ ಹೇಳುತ್ತದೆ: ಕೆಂಪು ಅತಿ ಹೆಚ್ಚು, ಆಮೇಲೆ ಹಳದಿ, ನೀಲಿ, ಹಸಿರು. ಒಂದೇ ಔಷಧಿಯನ್ನು ಸಾಲಾಗಿ ಹೊಡೆಯಬೇಡಿ. ನುಸಿಯಷ್ಟು ಬೇಗ ಔಷಧಿಗೆ ಒಗ್ಗಿಕೊಳ್ಳುವ ಜೀವಿಗಳು ಕಡಿಮೆ. ಮನೆಯ ಮೂಲೆಯಲ್ಲಿ ಡೈಕೋಫಾಲ್ ಎಂಬ ನುಸಿನಾಶಕದ ಹಳೆ ಬಾಟಲಿ ಇದ್ದರೆ ಬಳಸಬೇಡಿ, ಅದು 2023ರಲ್ಲಿ ದೇಶದಲ್ಲಿ ನಿಷೇಧವಾಗಿದೆ. ಬಾಲ್ಕನಿಯಲ್ಲಿ, ಮನೆಯೊಳಗೆ, ಮಕ್ಕಳು ಓಡಾಡುವ ಕಡೆ ಈ ಗುಂಪಿನ ಯಾವುದೂ ಬೇಡ. ಒಂದು ಗುಲಾಬಿ ಗಿಡಕ್ಕೆ ನರ್ಸರಿಯಲ್ಲಿ ಕೊಡುವ ಬೆಲೆ ಇಂಥ ನುಸಿನಾಶಕದ ಬಾಟಲಿಯ ಬೆಲೆಗಿಂತ ಎಷ್ಟೋ ಸಲ ಕಡಿಮೆಯೇ ಇರುತ್ತದೆ.

ಗಿಡ ಬಿಡಬೇಕಾದಾಗ

ನಾಲ್ಕು ಸುತ್ತು ಸರಿಯಾಗಿ ಮುಗಿದ ಮೇಲೂ ಹೊಸ ಚಿಗುರಿನಲ್ಲಿ ಬಲೆ ಕಟ್ಟುತ್ತಿದ್ದರೆ, ಬೆಂಡೆ, ಹುರುಳಿಕಾಯಿ, ಚೆಂಡುಹೂವಿನಂಥ ಒಂದು ಋತುವಿನ ಗಿಡವಾದರೆ ಕಿತ್ತು ಚೀಲ ಕಟ್ಟಿ. ಅದೊಂದರ ಮೇಲಿನ ಮಮತೆಗೆ ಉಳಿದ ಕುಂಡಗಳು ಬೆಲೆ ತೆರುತ್ತವೆ. ಗುಲಾಬಿ, ದಾಸವಾಳದಂಥ ಬಹುವಾರ್ಷಿಕ ಗಿಡವನ್ನು ಗಟ್ಟಿಯಾಗಿ ಸವರಿ, ಬರೀ ಕಾಂಡಕ್ಕೆ ಬೇವಿನೆಣ್ಣೆ ಹೊಡೆದು, ಹೊಸ ಚಿಗುರಿಗೆ ಕಾಯಬಹುದು. ಕುಂಡದ ಮೇಲಿನ ಉದುರೆಲೆಗಳನ್ನೂ ಗುಡಿಸಿ ತೆಗೆಯಿರಿ.

ಮತ್ತೆ ಬಾರದಂತೆ

ನರ್ಸರಿಯಿಂದ ತಂದ ಹೊಸ ಗಿಡವನ್ನು ಎರಡು ವಾರ ಪ್ರತ್ಯೇಕ ಇಡಿ. ನುಸಿ ಬಹಳಷ್ಟು ಸಲ ಮನೆಗೆ ಬರುವುದು ಹಾಗೆಯೇ. ಬೇಸಿಗೆಯಲ್ಲಿ ವಾರಕ್ಕೆರಡು ಸಲ ಎಲೆ ತೊಳೆಯಿರಿ. ಕುಂಡದ ಮಣ್ಣು ಪೂರ್ತಿ ಒಣಗಲು ಬಿಡದೆ ಮೇಲೆ ತರಗು ಅಥವಾ ತೆಂಗಿನ ನಾರು ಹಾಸಿ. ಪಶ್ಚಿಮದ ಗೋಡೆಗೆ ಆತು ನಿಂತ ಕುಂಡಗಳಿಗೆ ಮಾರ್ಚ್ ಹೊತ್ತಿಗೇ ಹಸಿರು ನೆರಳುಬಲೆ ಕಟ್ಟಿ. ಮುಂಗಾರು ಹಿಡಿದ ಮೇಲೆ ತೆರೆದ ತಾರಸಿಯ ಗಿಡಗಳನ್ನು ಮಳೆಗೆ ಒಪ್ಪಿಸಿ ನೀವು ನಿರಾಳವಾಗಿರಬಹುದು. ಸಜ್ಜದ ಕೆಳಗಿನ ಕುಂಡಗಳ ಎಲೆಯ ಅಡಿಭಾಗವನ್ನು ಮಾತ್ರ ಜೂನ್, ಜುಲೈನಲ್ಲೂ ವಾರಕ್ಕೊಮ್ಮೆ ತಿರುವಿ ನೋಡುತ್ತಿರಿ.